ಸಹಾಯ ಬೇಕು: ಜೋಡಿ ನಕ್ಷತ್ರದ ಗ್ರಹ ಸಂಕ್ರಮಣ ಅಳೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಸೇಡಂ ಸಮೀಪದ ಹಳ್ಳಿಯಲ್ಲಿ ಮನೆಯ ಮಾಳಿಗೆಯ ಮೇಲೆ ಆರು ಇಂಚಿನ ದೂರದರ್ಶಕ, ಡಿಎಸ್‌ಎಲ್‌ಆರ್ ಕ್ಯಾಮೆರಾ ಇಟ್ಟುಕೊಂಡು ಸೀಟಸ್ ಪುಂಜದ ವಾಸ್ಪ್-77 ನಕ್ಷತ್ರವನ್ನು ಅಳೆಯುತ್ತಿದ್ದೇನೆ. ಅಲ್ಲಿರುವುದು ಎರಡು ನಕ್ಷತ್ರಗಳು. ಗ್ರಹವಿರುವುದು ಪ್ರಖರವಾದ ‘ಎ’ ಸುತ್ತ, ಸುಮಾರು 1.36 ದಿನಕ್ಕೊಮ್ಮೆ ಅದು ನಕ್ಷತ್ರದ ಮುಂದೆ ಅಡ್ಡ ಹಾದು (ಇದೇ ಸಂಕ್ರಮಣ) ಬೆಳಕನ್ನು ಸುಮಾರು ಶೇ 1.7ರಷ್ಟು ತಗ್ಗಿಸುತ್ತದೆ. ಪಕ್ಕದಲ್ಲೇ, ಮೂರು ಕೋನ ಸೆಕೆಂಡಿಗಿಂತ (ಒಂದು ಕೋನ ಸೆಕೆಂಡ್ ಎಂದರೆ ಡಿಗ್ರಿಯ 3600ನೇ ಒಂದು ಭಾಗ) ಸ್ವಲ್ಪ ಆಚೆ, ಎರಡು ಕಾಂತಿಮಾನದಷ್ಟು (ನಕ್ಷತ್ರದ ಪ್ರಖರತೆಯ ಅಳತೆ) ಮಂಕಾದ ‘ಬಿ’ ಇದೆ. ನನ್ನ ಚಿತ್ರದಲ್ಲಿ ಎರಡೂ ಸೇರಿ ಒಂದೇ ಚುಕ್ಕೆ!

‘ಬಿ’ಯ ಬೆಳಕು ಮಜ್ಜಿಗೆಗೆ ನೀರು ಬೆರೆಸಿದಂತೆ ಸಂಕ್ರಮಣವನ್ನು ತೆಳುವಾಗಿಸುತ್ತದೆ. ಎರಡು ಕಾಂತಿಮಾನ ಎಂದರೆ ‘ಎ’ ಬೆಳಕಿನ ಸುಮಾರು ಶೇ 16. ಹಾಗಾಗಿ ಚಿತ್ರದಲ್ಲಿ ಕಾಣುವ ಇಳಿಕೆ ಎಷ್ಟೆಂದು ತಿಳಿಯಲು ನಿಜವಾದ ಇಳಿಕೆಯನ್ನು 1.16ರಿಂದ ಭಾಗಿಸಬೇಕು, ಉಳಿಯುವುದು ಶೇ 1.5ರ ಆಸುಪಾಸು. ತಿದ್ದದೆ ಬಿಟ್ಟರೆ ಲೆಕ್ಕದಲ್ಲಿ ಗ್ರಹವೇ ಚಿಕ್ಕದಾಗಿಬಿಡುತ್ತದೆ. ಇಲ್ಲಿಯವರೆಗೆ ಗೊಂದಲವಿಲ್ಲ. ಆದರೆ ‘ಬಿ’ ಹೆಚ್ಚು ತಂಪಾದ, ಕೆಂಪು ಛಾಯೆಯ ನಕ್ಷತ್ರ. ಹಾಗಾಗಿ ‘ಬಿ’ ಮತ್ತು ‘ಎ’ ಬೆಳಕಿನ ಅನುಪಾತ ಬಣ್ಣದಿಂದ ಬಣ್ಣಕ್ಕೆ ಬದಲಾಗುತ್ತದೆ. ಹಸಿರು ಬೆಳಕನ್ನಷ್ಟೇ ದಾಖಲಿಸುವ ಕ್ಯಾಮೆರಾದ ಹಸಿರು ಚಾನೆಲ್‌ಗೆ ಯಾವ ಅನುಪಾತ ಹಿಡಿಯಬೇಕು? ಆಸ್ಟ್ರೋಇಮೇಜ್‌ಜೆ ತಂತ್ರಾಂಶದಲ್ಲಿ ಅಳತೆಯ ವೃತ್ತವನ್ನು (ಇದರೊಳಗಿನ ಬೆಳಕನ್ನಷ್ಟೇ ಎಣಿಸುವುದು) ಎರಡೂ ನಕ್ಷತ್ರ ಪೂರ್ತಿ ಒಳಗೆ ಬರುವಷ್ಟು ದೊಡ್ಡದಾಗಿ ಇಡುತ್ತಿದ್ದೇನೆ. ಚಿಕ್ಕದಾದರೆ ಗಾಳಿ ಅಲುಗಿದಾಗಲೆಲ್ಲ ‘ಬಿ’ ಬೆಳಕು ಒಳಗೆ ಹೊರಗೆ ಓಡಾಡಿ ಸುಳ್ಳು ಇಳಿಕೆ ತೋರಿಸುತ್ತದೆ. ಇದು ಸರಿಯೇ?

ಇನ್ನೊಂದು ಮಾತು. ತೊಗರಿ ರಾಶಿ ಶುರುವಾದರೆ ಇಲ್ಲಿ ಧೂಳೋ ಧೂಳು. ಬೀದರ್ ಅಥವಾ ಯಾದಗಿರಿ ಕಡೆ ಇನ್ನೂ ದೊಡ್ಡ ದೂರದರ್ಶಕ ಇರುವವರು ದಯವಿಟ್ಟು ತಿಳಿಸಿ. ಡಿಸೆಂಬರಿನ ಒಂದು ಸಂಕ್ರಮಣವನ್ನು ಎರಡೂ ಕಡೆಯಿಂದ ಒಟ್ಟಿಗೆ ಅಳೆದು ಹೋಲಿಸೋಣ.