ಸರ್ವೆ ಡೇಟಾನ ಚಾರ್ಟ್ ಹಾಕೋ ಹಾಗೆ ಶೀಟಲ್ಲಿ ಹೇಗೆ ಜೋಡಿಸೋದು? ಮಾಡಿ ಗೊತ್ತಿರೋರು ಹೇಳಿ

ಪ್ರಶ್ನೆ:
ಓದುಗರ ಅಭ್ಯಾಸದ ಬಗ್ಗೆ ಒಂದು ಸರ್ವೆ ಮಾಡಿದೀವಿ, 200 ಜನ, 14 ಪ್ರಶ್ನೆ. ಅರ್ಧ ಗೂಗಲ್ ಫಾರ್ಮ್ಸಲ್ಲಿ ಬಂತು, ಉಳಿದಿದ್ದು ಪೇಪರಲ್ಲಿ ಬರೆಸಿ ನಾವೇ ಟೈಪ್ ಮಾಡಿದ್ದು. ಈಗ ಕಾಲಂ ಸೆಲೆಕ್ಟ್ ಮಾಡಿ ಚಾರ್ಟ್ ಹಾಕಿದ್ರೆ ಒಂದೇ ಉತ್ತರಕ್ಕೆ ಎರಡೆರಡು ಕಂಬ ಬರ್ತಿದೆ, "ಏನೇನು ಓದ್ತೀರಾ" ಅನ್ನೋ ಪ್ರಶ್ನೆಗಂತೂ ನಲವತ್ತು ಕಂಬ! ಎಲ್ಲಿಂದ ಸರಿ ಮಾಡ್ಲಿ?

ಉತ್ತರ:
ಮೊದಲು ಈಗಿರೋ ಶೀಟನ್ನ ಹಾಗೇ ಬಿಡಿ, ಒಂದಕ್ಷರ ಮುಟ್ಬೇಡಿ. ಅದರ ಕಾಪಿ ಮಾಡ್ಕೊಂಡು ಅದರಲ್ಲಿ ಕ್ಲೀನ್ ಮಾಡಿ, ಮೂರನೇ ಶೀಟಲ್ಲಿ ಬರೀ ಎಣಿಕೆ, ಚಾರ್ಟ್ ಹಾಕೋದು ಆ ಮೂರನೇದರಿಂದ ಮಾತ್ರ. ನಾನು ಮೊದಲ ಸಲ ಒರಿಜಿನಲ್ಲಲ್ಲೇ ಫೈಂಡ್ ರಿಪ್ಲೇಸ್ ಹೊಡೆದು, ಏನು ಬದಲಾಯ್ತು ಅಂತ ತಿಳೀದೆ ಪೇಪರ್ ಫಾರ್ಮ್ ಎಲ್ಲ ಮತ್ತೆ ಕೂತು ನೋಡ್ಬೇಕಾಯ್ತು, ಅದು ಯಾರಿಗೂ ಬೇಡ. ಕ್ಲೀನ್ ಶೀಟಲ್ಲಿ ಒಬ್ಬರಿಗೆ ಒಂದು ಸಾಲು, ಒಂದು ಪ್ರಶ್ನೆಗೆ ಒಂದು ಕಾಲಂ, ಹೆಡಿಂಗ್ ಒಂದೇ ಸಾಲು, ಸೆಲ್ ಮರ್ಜ್ ಮಾಡ್ಲೇಬೇಡಿ. ಪ್ರತಿ ಸಾಲಿಗೂ ಒಂದು ನಂಬರ್ ಕೊಟ್ಟು ಅದನ್ನೇ ಪೇಪರ್ ಫಾರ್ಮ್ ಮೇಲೂ ಬರೀರಿ, ಡೌಟ್ ಬಂದಾಗ ತಕ್ಷಣ ಫಾರ್ಮ್ ತೆಗೆದು ನೋಡ್ಬೋದು.

ಎರಡೆರಡು ಕಂಬ ಬರೋಕೆ ಕಾರಣ ಸಾಮಾನ್ಯವಾಗಿ ಉತ್ತರದ ಕೊನೇಲಿರೋ ಸ್ಪೇಸ್, ಅದಕ್ಕೆ ಟ್ರಿಮ್ ಫಾರ್ಮುಲಾ ಸಾಕು. ಕನ್ನಡದಲ್ಲಿ ಟೈಪ್ ಮಾಡಿದ್ರೆ ಇನ್ನೊಂದು ತೊಂದ್ರೆ ಇದೆ. "ಕಂಪ್ಯೂಟರ್" ಅಂತ ಬರೆದಾಗ ಕೊನೇ ಅರ್ಧಾಕ್ಷರ ಆದ್ಮೇಲೆ ಕೆಲವು ಕೀಬೋರ್ಡ್‌ಗಳಿಂದ ಕಣ್ಣಿಗೆ ಕಾಣದ ಒಂದು ಕ್ಯಾರೆಕ್ಟರ್ ಸೇರ್ಕೊಳ್ಳತ್ತೆ, ನೋಡೋಕೆ ಎರಡೂ ಒಂದೇ, ಶೀಟಿಗೆ ಬೇರೆ ಬೇರೆ. ಟ್ರಿಮ್ ಅದನ್ನ ತೆಗೆಯಲ್ಲ. ಸಬ್‌ಸ್ಟಿಟ್ಯೂಟ್ ಫಾರ್ಮುಲಾದಲ್ಲಿ ಯೂನಿಚಾರ್(8204), ಅಂದ್ರೆ ಆ ಕಾಣದ ಕ್ಯಾರೆಕ್ಟರ್, ಕೊಟ್ಟು ಖಾಲಿಗೆ ಬದಲಾಯಿಸಿ. ಲೆನ್ ಫಾರ್ಮುಲಾ ಹಾಕಿ ಎರಡೂ ಸೆಲ್ಲಿನ ಉದ್ದ ಹೋಲಿಸಿದ್ರೆ ಗೊತ್ತಾಗಿಬಿಡತ್ತೆ.

ಉತ್ತರ:
ಆ ನಲವತ್ತು ಕಂಬದ ವಿಷ್ಯ ನಾನು ಹೇಳ್ತೀನಿ. ಗೂಗಲ್ ಫಾರ್ಮ್ಸಲ್ಲಿ ಚೆಕ್‌ಬಾಕ್ಸ್ ಪ್ರಶ್ನೆ ಇಟ್ರೆ ಟಿಕ್ ಮಾಡಿದ್ದೆಲ್ಲ ಕಾಮಾ ಹಾಕಿ ಒಂದೇ ಸೆಲ್ಲಲ್ಲಿ ತುಂಬ್ಕೊಂಡು ಬರತ್ತೆ, "ಕಥೆ, ಕವನ" ಒಂದು ಕಂಬ, "ಕಥೆ, ಕವನ, ಪ್ರವಾಸ" ಇನ್ನೊಂದು ಕಂಬ, ಹೀಗೆ. ಒಂದೊಂದು ಆಯ್ಕೆಗೂ ಒಂದೊಂದು ಕಾಲಂ ಮಾಡಿ, ಟಿಕ್ ಇದ್ರೆ 1, ಇಲ್ಲಾಂದ್ರೆ 0. ಕಾಲಂ ಕೂಡಿಸಿದ್ರೆ ಎಣಿಕೆ ಬಂತು. ಕೌಂಟ್‌ಇಫ್‌ನಲ್ಲಿ (ಷರತ್ತಿಗೆ ಹೊಂದೋ ಸೆಲ್ ಎಣಿಸೋ ಫಾರ್ಮುಲಾ) ಎರಡು ಕಡೆ ಸ್ಟಾರ್ ಹಾಕಿ "ಕಥೆ" ಅಂತ ಹುಡುಕೋ ಶಾರ್ಟ್‌ಕಟ್ ಇದೆ ನಿಜ, ಆದ್ರೆ "ಮಕ್ಕಳ ಕಥೆ" ಅಂತ ಬೇರೆ ಆಯ್ಕೆ ಇದ್ರೆ ಅದೂ ಇದರಲ್ಲೇ ಸೇರಿ ಎಣಿಕೆ ಜಾಸ್ತಿ ಬರತ್ತೆ. ಆಮೇಲೆ ಪರ್ಸೆಂಟ್ ತೆಗೆಯೋವಾಗ ಈ ಪ್ರಶ್ನೆಗೆ ಉತ್ತರ ಕೊಟ್ಟ ಜನರ ಸಂಖ್ಯೆಯಿಂದ ಭಾಗಿಸಿ, ಒಟ್ಟು ಟಿಕ್ಕಿಂದ ಅಲ್ಲ. ಎಲ್ಲ ಕೂಡಿದ್ರೆ 100 ದಾಟತ್ತೆ, ಅದು ತಪ್ಪಲ್ಲ, ಅದಕ್ಕೇ ಇಂಥದ್ದಕ್ಕೆ ಪೈ ಚಾರ್ಟ್ ಬೇಡ, ಅಡ್ಡ ಬಾರ್ ಹಾಕಿ.

ಉತ್ತರ:
ವಾರಕ್ಕೆ ಎಷ್ಟು ಗಂಟೆ ಅನ್ನೋ ಥರ ಪ್ರಶ್ನೆ ಇದ್ಯಾ? "1-3", "4-6" ಅಂತ ಟೈಪ್ ಮಾಡಿದ್ರೆ ಎಕ್ಸೆಲ್ ಅದನ್ನ ತಾರೀಖು ಮಾಡ್ಬಿಡತ್ತೆ. ಆಮೇಲೆ ಫಾರ್ಮ್ಯಾಟ್ ಟೆಕ್ಸ್ಟ್ ಮಾಡಿದ್ರೂ ವಾಪಸ್ ಬರಲ್ಲ, ಯಾವುದೋ ಐದಂಕಿ ನಂಬರ್ ಕಾಣತ್ತೆ. ಜೀನ್‌ಗಳ (ವಂಶವಾಹಿ) ಹೆಸರೇ ಹೀಗೆ ತಾರೀಖಾಗಿ ಹೋಗ್ತಿತ್ತು ಅಂತ 2020ರಲ್ಲಿ ವಿಜ್ಞಾನಿಗಳು ಕೆಲವು ಹೆಸರನ್ನೇ ಬದಲಾಯಿಸಿದ್ರು! "1 ರಿಂದ 3 ಗಂಟೆ" ಅಂತ ಪೂರ್ತಿ ಬರೆದ್ರೆ ಆಯ್ತು.

ಉತ್ತರ:
ಒಪ್ತೀನಿ, ಒಪ್ಪಲ್ಲ ಥರದ ಪ್ರಶ್ನೆಗಳನ್ನ 1ರಿಂದ 5 ನಂಬರಲ್ಲಿ ಇಡಿ, ಇಲ್ಲಾಂದ್ರೆ ಪಿವಟ್ ಟೇಬಲ್ (ಉತ್ತರಗಳನ್ನ ತಾನೇ ಗುಂಪು ಮಾಡಿ ಎಣಿಸೋ ಟೇಬಲ್) ಅಕಾರಾದಿಯಲ್ಲಿ ಜೋಡಿಸಿ ಕ್ರಮ ಎಲ್ಲ ಹಾಳಾಗತ್ತೆ. ಆದ್ರೆ "ಗೊತ್ತಿಲ್ಲ"ಕ್ಕೆ 9 ಹಾಕೋ ಅಭ್ಯಾಸ ಇದ್ರೆ ದಯವಿಟ್ಟು ಹುಷಾರು. ಲೆಕ್ಕ ಹಾಕಿ ನೋಡಿ, 190 ಜನರ ಸರಾಸರಿ 3.5, ಉಳಿದ 10 ಜನ 9. ಒಟ್ಟು ಸರಾಸರಿ 3.775 ಆಗತ್ತೆ. 5ರ ಒಳಗೇ ಇದೆಯಲ್ಲ, ಯಾರಿಗೂ ಅನುಮಾನ ಬರಲ್ಲ. ನಾನು ಒಂದು ರಿಪೋರ್ಟನ್ನ ಇದೇ ತಪ್ಪಿನ ಜೊತೆ ಕಳಿಸಿಬಿಟ್ಟಿದ್ದೆ, ಮತ್ತೆ ತಿದ್ದಿ ಕಳಿಸೋವಾಗ ತುಂಬ ಬೇಜಾರಾಯ್ತು. ಸರಾಸರಿ ತೆಗೆಯೋ ಕಾಲಮಲ್ಲಿ ಅಂಥ ಸೆಲ್ ಖಾಲಿ ಬಿಡಿ, ಸರಾಸರಿ ಫಾರ್ಮುಲಾ ಖಾಲಿ ಸೆಲ್ಲನ್ನ ಲೆಕ್ಕಕ್ಕೆ ತಗೊಳಲ್ಲ, 0 ಹಾಕಿದ್ರೆ ಮಾತ್ರ ತಗೊಳತ್ತೆ. ಎಷ್ಟು ಜನ ಗೊತ್ತಿಲ್ಲ ಅಂದ್ರು ಅನ್ನೋದನ್ನ ಬೇರೆ ಕಾಲಮಲ್ಲಿ ಎಣಿಸಿ, ಅದನ್ನೂ ಚಾರ್ಟ್ ಕೆಳಗೆ ಬರೀರಿ.

ಪ್ರಶ್ನೆ ಕೇಳಿದೋರು:
ಎಲ್ಲರಿಗೂ ತುಂಬ ಥ್ಯಾಂಕ್ಸ್. ಟ್ರಿಮ್ ಮತ್ತೆ ಯೂನಿಚಾರ್ ಎರಡೂ ಹಾಕಿದ ಮೇಲೆ ಜೋಡಿ ಕಂಬ ಎಲ್ಲ ಒಂದಾಯ್ತು, 1-0 ಕಾಲಂ ಮಾಡಿದ್ಮೇಲೆ ಆ ನಲವತ್ತು ಕಂಬ ಏಳಕ್ಕೆ ಇಳೀತು. ನಮ್ಮಲ್ಲೂ ಎರಡು ಪ್ರಶ್ನೆಗೆ 9 ಹಾಕಿದ್ರು, ಇವತ್ತು ರಾತ್ರಿ ಪೇಪರ್ ಫಾರ್ಮ್ ಇಟ್ಕೊಂಡು ಕೂರ್ತೀನಿ.