ಕಾಲುವೆ ಬದಿಯ ಕೆಂಪು ಏರೋಪ್ಲೇನ್ ಚಿಟ್ಟೆಗಳು: ಒಂದೇ ಜಾತಿಯೋ, ಬೇರೆ ಬೇರೆಯೋ?

ಪ್ರಶ್ನೆ – ಗಂಗಾವತಿಯಿಂದ

ಎಲ್ಲರಿಗೂ ನಮಸ್ಕಾರ. ಹಕ್ಕಿ ನೋಡುವ ಹವ್ಯಾಸ ನನಗೆ ಮೊದಲಿನಿಂದಲೂ ಇದೆ. ಈ ಮಳೆಗಾಲದಲ್ಲಿ ಏರೋಪ್ಲೇನ್ ಚಿಟ್ಟೆಗಳ ಕಡೆಗೆ, ಅಂದರೆ ಡ್ರ್ಯಾಗನ್‌ಫ್ಲೈಗಳ ಕಡೆಗೆ, ಮನಸ್ಸು ಹೊರಳಿದೆ. ಆನೆಗೊಂದಿ, ಸಾಣಾಪುರದ ಸುತ್ತ ಕಾಲುವೆ ನೀರಿನ ಭತ್ತದ ಗದ್ದೆಗಳೂ ಬಂಡೆಗಲ್ಲಿನ ಗುಡ್ಡಗಳೂ ಒಂದಕ್ಕೊಂದು ಅಂಟಿಕೊಂಡೇ ಇರುವುದರಿಂದ ಸ್ವಲ್ಪ ದೂರ ನಡೆದರೂ ಹಲವು ಬಗೆಯವು ಕಣ್ಣಿಗೆ ಬೀಳುತ್ತವೆ. ಆದರೆ ಯಾವುದು ಯಾವ ಜಾತಿ ಎಂದು ಖಚಿತವಾಗಿ ಹೇಳಲು ಆಗುತ್ತಿಲ್ಲ.

ಮುಖ್ಯ ತೊಡಕು ಕೆಂಪು ಬಣ್ಣದವುಗಳದ್ದು. ಊರಿನ ಚರಂಡಿಯ ಬಳಿ ಒಂದು, ಕಾಲುವೆಯ ಜೊಂಡಿನ ಮೇಲೆ ಒಂದು, ಬಿಸಿಲಿನಲ್ಲಿ ಕಾದ ಬಂಡೆಯ ಮೇಲೆ ಮತ್ತೊಂದು, ಹೀಗೆ ಮೂರು ಕಡೆ ತೆಗೆದ ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಎಲ್ಲವೂ ಒಂದೇ ಎನ್ನಿಸುತ್ತದೆ. ಇದಲ್ಲದೆ ಹೊಲದ ಪಂಪಿನ ಸಿಮೆಂಟ್ ತೊಟ್ಟಿಯ ಗೋಡೆಗೆ ಅಂಟಿದಂತೆ ಕೂರುವ, ಗೋಡೆಯದೇ ಬಣ್ಣದ ಇನ್ನೊಂದು ಇದೆ. ಅದು ಹಾರುವವರೆಗೂ ಅಲ್ಲಿರುವುದು ತಿಳಿಯುವುದಿಲ್ಲ. ಬಣ್ಣವನ್ನು ನಂಬಿ ಹೆಸರು ಹೇಳಬಹುದೇ? ಇಲ್ಲವಾದರೆ ಮೊದಲು ಏನನ್ನು ನೋಡಬೇಕು? ನನ್ನ ಬಳಿ ಮೊಬೈಲ್ ಕ್ಯಾಮೆರಾ ಮಾತ್ರ ಇದೆ. ಹಿಡಿದು, ಕೈಯಲ್ಲಿಟ್ಟುಕೊಂಡು ಪರೀಕ್ಷಿಸುವ ಇಚ್ಛೆ ಇಲ್ಲ.

ಉತ್ತರ – ಬಳ್ಳಾರಿಯಿಂದ

ಬಣ್ಣವನ್ನು ಕೊನೆಗೆ ನೋಡಿ ಎನ್ನುವುದೇ ನನ್ನ ಸಲಹೆ. ಡ್ರ್ಯಾಗನ್‌ಫ್ಲೈ ತನ್ನ ಬಾಳಿನುದ್ದಕ್ಕೂ ಒಂದೇ ಬಣ್ಣದಲ್ಲಿ ಇರುವುದಿಲ್ಲ. ನೀರಿನಿಂದ ಮೇಲೆದ್ದು ಪೊರೆ ಕಳಚಿದ ಹೊಸತರಲ್ಲಿ ಬಹುತೇಕ ಎಲ್ಲವೂ ಪೇಲವವಾಗಿ, ರೆಕ್ಕೆಗಳು ಮಿರಮಿರನೆ ಹೊಳೆಯುತ್ತಾ ಇರುತ್ತವೆ. ಆಮೇಲೆ ಗಂಡು ನಿಧಾನವಾಗಿ ಕೆಂಪಿಗೋ ನೀಲಿಗೋ ತಿರುಗುತ್ತದೆ, ಹೆಣ್ಣು ಸಾಮಾನ್ಯವಾಗಿ ಹಳದಿ ಅಥವಾ ಕಂದು ಬಣ್ಣದಲ್ಲೇ ಉಳಿಯುತ್ತದೆ. ಹೀಗಾಗಿ ಒಂದೇ ಜಾತಿಯ ಎಳೆಯ ಗಂಡು, ಬಲಿತ ಗಂಡು ಮತ್ತು ಹೆಣ್ಣು ಮೂರು ಜಾತಿಗಳಂತೆ ಕಾಣುವುದುಂಟು, ಮೂರು ಜಾತಿಗಳ ಬಲಿತ ಗಂಡುಗಳು ನಿಮ್ಮ ಚಿತ್ರಗಳಂತೆ ಒಂದೇ ಆಗಿ ಕಾಣುವುದೂ ಉಂಟು.

ಮೊದಲಿಗೆ ಅದು ಎಲ್ಲಿ ಕುಳಿತಿದೆ, ರೆಕ್ಕೆಗಳನ್ನು ಹೇಗೆ ಇಟ್ಟುಕೊಂಡಿದೆ ಎಂಬುದನ್ನು ಗಮನಿಸಿ. ನಂತರ ಕಣ್ಣುಗಳು ತಲೆಯ ಮೇಲೆ ಒಂದಕ್ಕೊಂದು ತಾಗಿವೆಯೇ ಎಂದು ನೋಡಿ. ಅದಾದ ಮೇಲೆ ರೆಕ್ಕೆಯ ಬುಡದಲ್ಲಿ ಬಣ್ಣದ ಪಟ್ಟೆ ಇದೆಯೇ, ಇದ್ದರೆ ಎಲ್ಲಿಯವರೆಗೆ ಹರಡಿದೆ ಎಂಬುದು ಮುಖ್ಯ. ರೆಕ್ಕೆಯ ತುದಿಯ ಹತ್ತಿರ, ಮುಂದಿನ ಅಂಚಿನಲ್ಲಿ ಒಂದು ಪುಟ್ಟ ಬಣ್ಣದ ಮಚ್ಚೆ ಇರುತ್ತದೆ. ಟೆರೊಸ್ಟಿಗ್ಮ ಎಂದು ಕರೆಯುವ ಈ ಮಚ್ಚೆಯ ಬಣ್ಣವೂ ಎಷ್ಟೋ ಜಾತಿಗಳನ್ನು ಬೇರ್ಪಡಿಸಿಕೊಡುತ್ತದೆ.

ಈಗ ನಿಮ್ಮ ಕೆಂಪಿನವುಗಳಿಗೆ ಬರೋಣ. ಚರಂಡಿಯ ಬಳಿ ಕಂಡದ್ದು ಡಿಚ್ ಜ್ಯುವೆಲ್, ಶಾಸ್ತ್ರೀಯವಾಗಿ ಬ್ರಾಕಿಥೆಮಿಸ್ ಕಂಟಾಮಿನೇಟ. ಇದು ಅಚ್ಚ ಕೆಂಪಲ್ಲ, ಕಿತ್ತಳೆ. ನಾಲ್ಕೂ ರೆಕ್ಕೆಗಳಲ್ಲಿ ಬುಡದಿಂದ ಹೊರಟ ಕಿತ್ತಳೆ ಬಣ್ಣ ತುದಿಯ ಮಚ್ಚೆಯ ಸಮೀಪದವರೆಗೂ ಹರಡಿ, ತುದಿ ಮಾತ್ರ ಸ್ಪಷ್ಟವಾಗಿ ಪಾರದರ್ಶಕವಾಗಿ ಉಳಿಯುತ್ತದೆ. ಕೊಳಕು ನೀರನ್ನು ಇದು ತಡೆದುಕೊಳ್ಳಬಲ್ಲದು, ಆದ್ದರಿಂದ ಊರೊಳಗೆ ಇದೇ ಹೆಚ್ಚು. ಜೊಂಡಿನ ಮೇಲಿನ ಅಚ್ಚ ರಕ್ತಗೆಂಪಿನದು ಕ್ರೊಕೊಥೆಮಿಸ್ ಸರ್ವಿಲಿಯ ಆಗಿರಬೇಕು: ರೆಕ್ಕೆಯ ಬುಡದಲ್ಲಿ ಸಣ್ಣ ಜೇನುಬಣ್ಣದ ಕಲೆ, ಉದರ ಅಗಲ ಮತ್ತು ಚಪ್ಪಟೆ, ಉದರದ ಬೆನ್ನಿನ ಮೇಲೆ ಎಳೆದಂತೆ ಒಂದು ತೆಳುವಾದ ಕಪ್ಪು ಗೆರೆ. ಆ ಗೆರೆ ಕಾಣುವಂತೆ ಮೇಲಿನಿಂದ ಚಿತ್ರ ತೆಗೆದರೆ ಅನುಮಾನಕ್ಕೆ ಎಡೆ ಇರುವುದಿಲ್ಲ. ಇದೇ ಜಾಗದಲ್ಲಿ ಟ್ರೈಥೆಮಿಸ್ ಅರೋರ ಕೂಡ ಕೂರುತ್ತದೆ. ಅದರ ಕೆಂಪಿನಲ್ಲಿ ನೇರಳೆ ಛಾಯೆ ಬೆರೆತಿರುತ್ತದೆ, ಕಾಲುಗಳು ಕಪ್ಪು, ರೆಕ್ಕೆಯ ನರಗಳೇ ಕೆಂಪು. ಬಂಡೆಯ ಮೇಲಿನದು ಟ್ರೈಥೆಮಿಸ್ ಕಿರ್ಬಿ ಎಂದು ಹೇಳಬಹುದು, ಏಕೆಂದರೆ ರೆಕ್ಕೆಗಳ ಬುಡದಲ್ಲಿ ದೊಡ್ಡ ಕಿತ್ತಳೆ ಪಟ್ಟೆ ಹೊತ್ತು ಒಣ ಬಂಡೆಯನ್ನೇ ಆರಿಸಿಕೊಂಡು ಕೂರುವ ಕೆಂಪು ಡ್ರ್ಯಾಗನ್‌ಫ್ಲೈ ನಮ್ಮ ಕಡೆ ಅದೇ.

ಸಿಮೆಂಟ್ ತೊಟ್ಟಿಯ ಗೋಡೆಯದನ್ನು ಕುರಿತು ಸ್ವಲ್ಪ ಹೆಚ್ಚಾಗಿಯೇ ಬರೆಯುತ್ತೇನೆ, ಏಕೆಂದರೆ ಬಳ್ಳಾರಿ, ಕೊಪ್ಪಳ, ರಾಯಚೂರು ಈ ನಮ್ಮ ಮೂರು ಜಿಲ್ಲೆಗಳ ಗುಡ್ಡಗಳಿಗೆ ಇಷ್ಟು ಒಗ್ಗಿಕೊಂಡ ಡ್ರ್ಯಾಗನ್‌ಫ್ಲೈ ಮತ್ತೊಂದಿಲ್ಲ. ಅದು ಗ್ರಾನೈಟ್ ಗೋಸ್ಟ್, ಶಾಸ್ತ್ರೀಯ ಹೆಸರು ಬ್ರಾಡಿನೊಪೈಗ ಜೆಮಿನೇಟ. ಬೂದು, ಕಪ್ಪು, ಬಿಳಿ ಚುಕ್ಕಿಗಳ ಮೈ ಕಣಶಿಲೆಯ ಮೇಲ್ಮೈಯೊಂದಿಗೆ ಬೆರೆತುಹೋಗುತ್ತದೆ. ಬಳ್ಳಾರಿ ಕೋಟೆಯ ಗುಡ್ಡದ ಮೇಲೂ ಆನೆಗೊಂದಿಯ ಬಂಡೆಗಳ ನಡುವೆಯೂ ಮಳೆನೀರು ನಿಲ್ಲುವ ದೊಣೆಗಳೇ ಅದರ ಸಹಜ ತೊಟ್ಟಿಲು; ಹಾಗೆಯೇ ಮನುಷ್ಯ ಕಟ್ಟಿದ ಬಾವಿಯ ಕಲ್ಲು, ನೀರಿನ ಟ್ಯಾಂಕು, ಸಿಮೆಂಟ್ ತೊಟ್ಟಿಗಳನ್ನೂ ಅದು ದೊಣೆಗಳಂತೆಯೇ ಬಳಸಿಕೊಂಡಿದೆ. ಉಳಿದ ಹಲವು ಕಡ್ಡಿಯ ತುದಿಯನ್ನು ಹುಡುಕಿದರೆ ಇದು ರೆಕ್ಕೆಗಳನ್ನು ಕಲ್ಲಿಗೆ ಒತ್ತಿ, ನೆಟ್ಟಗಿನ ಗೋಡೆಯ ಮೇಲೂ ಚಪ್ಪಟೆಯಾಗಿ ಕೂರುತ್ತದೆ. ಗಂಡು ಹೆಣ್ಣುಗಳು ಸರಿಸುಮಾರು ಒಂದೇ ರೀತಿ ಇರುತ್ತವೆ. ಖಚಿತಪಡಿಸಿಕೊಳ್ಳಲು ರೆಕ್ಕೆಯ ಮಚ್ಚೆಯನ್ನು ಹಿಗ್ಗಿಸಿ ನೋಡಿ: ನಡುವೆ ಕಪ್ಪು, ಎರಡೂ ತುದಿಗೆ ಬಿಳಿ. ದೂರದಿಂದ ಗೋಡೆಯ ಮೇಲೆ ನಾಲ್ಕು ಕಪ್ಪು ಚುಕ್ಕಿಗಳು ಕಂಡರೆ ಮೈ ಕಾಣದಿದ್ದರೂ ಅದು ಅಲ್ಲಿದೆ ಎಂದು ತಿಳಿಯಬಹುದು. ಇದರ ಮರಿಗಳು ನೀರಿನಲ್ಲಿ ಸೊಳ್ಳೆಯ ಹುಳಗಳನ್ನು ತಿನ್ನುತ್ತವೆ, ಆದ್ದರಿಂದ ತೊಟ್ಟಿ ತೊಳೆಯುವಾಗ ತಳದಲ್ಲಿ ತೆವಳುವ ಕಂದು ಬಣ್ಣದ ಆರು ಕಾಲಿನ ಮರಿಗಳು ಸಿಕ್ಕರೆ ದಯವಿಟ್ಟು ಬೇರೆ ನೀರಿಗೆ ಬಿಡಿ.

ಚಿತ್ರ ತೆಗೆಯುವಾಗ ಒಂದೇ ಕೋನದಿಂದ ಹತ್ತು ಸಲ ಒತ್ತುವುದಕ್ಕಿಂತ ಮೇಲಿನಿಂದ ಒಂದು, ಪಕ್ಕದಿಂದ ಒಂದು, ಮುಖದ ಎದುರಿನಿಂದ ಒಂದು ತೆಗೆದುಕೊಳ್ಳುವುದು ಎಷ್ಟೋ ಉಪಯುಕ್ತ. ಬೆಳಗಿನ ತಂಪಿನಲ್ಲಿ ಹೋದರೆ ಅವು ಬೇಗ ಹಾರುವುದಿಲ್ಲ. ನಡುಮಧ್ಯಾಹ್ನ ಉದರವನ್ನು ಸೂರ್ಯನತ್ತ ನೆಟ್ಟಗೆ ಎತ್ತಿ ಕುಳಿತದ್ದು ಕಂಡರೆ ಅದನ್ನು ಜಾತಿಯ ಲಕ್ಷಣವೆಂದು ಬರೆದುಕೊಳ್ಳಬೇಡಿ. ಮೈಗೆ ಬೀಳುವ ಬಿಸಿಲನ್ನು ಕಡಿಮೆ ಮಾಡಿಕೊಳ್ಳಲು ಬೇರೆ ಬೇರೆ ಜಾತಿಗಳು ಹಾಗೆ ಕೂರುತ್ತವೆ.

ಉತ್ತರ – ಸಿಂಧನೂರಿನಿಂದ

ಮೇಲಿನ ವಿವರಣೆಗೆ ಗದ್ದೆಯ ಕಡೆಯಿಂದ ಕೆಲವು ಮಾತು ಸೇರಿಸುತ್ತೇನೆ. ನಾನು ಭತ್ತ ಬೆಳೆಯುವವನು, ನೀರು ಕಟ್ಟಿದ ದಿನದಿಂದ ಕೊಯ್ಲಿನವರೆಗೂ ಇವುಗಳ ನಡುವೆಯೇ ಇರುತ್ತೇನೆ.

ಗದ್ದೆಯಲ್ಲಿ ಸುಲಭವಾಗಿ ಗುರುತು ಸಿಗುವುದು ನ್ಯೂರೊಥೆಮಿಸ್ ಟುಲ್ಲಿಯ. ಗಂಡಿನ ರೆಕ್ಕೆಗಳ ಬುಡದ ಅರ್ಧ ಕಡುಗಪ್ಪು, ಅದರ ಅಂಚಿಗೆ ಹಾಲಿನ ಬಣ್ಣದ ಪಟ್ಟಿ, ಆಚೆಗೆ ಪಾರದರ್ಶಕ ತುದಿ. ಹೆಣ್ಣಿನಲ್ಲಿ ಇದು ತಿರುಗುಮುರುಗು: ರೆಕ್ಕೆಯ ಬುಡ ಹಳದಿ, ತುದಿ ಕಪ್ಪು. ಎರಡನ್ನೂ ಬೇರೆ ಜಾತಿಯೆಂದು ನಂಬುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಇಂಥ ಕಡೆ ಒಳ್ಳೆಯ ಸಾಕ್ಷಿ ಜೋಡಿಯೇ. ಗಂಡು ಹೆಣ್ಣು ಕೂಡಿ ಹಾರುವಾಗ ಅಥವಾ ಹೆಣ್ಣು ಮೊಟ್ಟೆಯಿಡುವಾಗ ಮೇಲೆ ಕಾವಲಿರುವ ಗಂಡನ್ನು ನೋಡಿದಾಗ ಹೆಣ್ಣಿನ ಗುರುತು ತಾನಾಗಿ ತಿಳಿಯುತ್ತದೆ. ಬದುವಿನ ಬರಿ ಮಣ್ಣಿನ ಮೇಲೆ ಕೂತು, ಎಬ್ಬಿಸಿದರೆ ನಾಲ್ಕು ಹೆಜ್ಜೆ ಮುಂದೆ ಹೋಗಿ ಮತ್ತೆ ನೆಲಕ್ಕೇ ಇಳಿಯುವ ಚಿಕ್ಕದು ಡಿಪ್ಲಕೋಡಿಸ್ ಟ್ರಿವಿಯಾಲಿಸ್. ಎಳೆಯದು ಹಸಿರುಹಳದಿಯ ಮೇಲೆ ಕಪ್ಪು ಗುರುತು. ಬಲಿತ ಗಂಡಿನ ಮೈಮೇಲೆ ತಿಳಿನೀಲಿ ಬೂದಿ ಬಳಿದಂತೆ ಪುಡಿ ಕೂರುತ್ತದೆ.

ಪೈರಿನ ಬುಡದಲ್ಲಿ, ನೀರಿಗೆ ಗೇಣುದ್ದ ಮೇಲೆ ಹಾರುವ ಕಡ್ಡಿಯಂಥ ಸಣ್ಣವು ಡ್ರ್ಯಾಗನ್‌ಫ್ಲೈಗಳಲ್ಲ, ಡ್ಯಾಮ್ಸೆಲ್‌ಫ್ಲೈಗಳು. ಇವುಗಳ ಕಣ್ಣುಗಳು ತಲೆಯ ಎರಡು ಬದಿಗೆ ದೂರ ದೂರ ಇರುತ್ತವೆ, ನಾಲ್ಕು ರೆಕ್ಕೆಗಳೂ ಒಂದೇ ಆಕಾರ, ಕೂತಾಗ ಹೆಚ್ಚಿನವು ರೆಕ್ಕೆಗಳನ್ನು ಬೆನ್ನಿನ ಮೇಲೆ ಮಡಚಿಕೊಳ್ಳುತ್ತವೆ. ಕಪ್ಪು ಗುರುತಿಲ್ಲದ ಹಳದಿ ಉದರದ್ದು ಸೆರಿಯಾಗ್ರಿಯನ್ ಕೊರೊಮಂಡೆಲಿಯಾನಮ್; ಕಪ್ಪು ಬೆನ್ನು, ಬಾಲದ ತುದಿಯಲ್ಲಿ ನೀಲಿ ದೀಪ ಇದ್ದಂತೆ ಕಾಣುವುದು ಇಷ್ನುರ ಸೆನೆಗಲೆನ್ಸಿಸ್.

ಇನ್ನೊಂದು ಕೆಲಸ ಮಾಡಿ. ಬೆಳಿಗ್ಗೆ ಪೈರಿನ ದಂಟು, ಕಾಲುವೆಯ ಕಲ್ಲು ಹುಡುಕಿದರೆ ಮರಿ ಕಳಚಿ ಹೋದ ಒಣ ಪೊರೆಗಳು ಅಂಟಿಕೊಂಡಿರುತ್ತವೆ. ಹಾರುತ್ತ ಬಂದ ಡ್ರ್ಯಾಗನ್‌ಫ್ಲೈ ಎಲ್ಲಿಂದಲೋ ಬಂದಿರಬಹುದು, ಪೊರೆ ಸಿಕ್ಕರೆ ಅದು ಆ ನೀರಿನಲ್ಲೇ ಬೆಳೆದದ್ದು ಎಂಬುದು ಖಾತರಿ. ಜಿಗಿಹುಳ, ಕಾಂಡಕೊರಕದ ಪತಂಗಗಳನ್ನು ಇವು ಹಿಡಿದು ತಿನ್ನುವುದನ್ನು ಕಣ್ಣಾರೆ ಕಾಣುತ್ತೇವೆ, ಆದರೂ ಔಷಧ ಹೊಡೆಯುವಾಗ ನೀರಿನಲ್ಲಿರುವ ಮರಿಗಳ ಯೋಚನೆ ನಮ್ಮ ರೈತರಿಗೆ ಬರುವುದೇ ಇಲ್ಲ ಎಂಬುದು ನನಗೆ ನೋವಿನ ಸಂಗತಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಮನಃಪೂರ್ವಕ ಧನ್ಯವಾದ. ತೊಟ್ಟಿಯ ಗೋಡೆಯದರ ಮಚ್ಚೆ ಹಿಗ್ಗಿಸಿ ನೋಡಿದೆ; ಕಪ್ಪಿನ ಎರಡೂ ಬದಿಗೆ ಬಿಳಿ ಸ್ಪಷ್ಟವಾಗಿದೆ. ಇನ್ನೆರಡು ಸಂಶಯಗಳಿವೆ. ಸಾಣಾಪುರದ ಕೆರೆಯಂಚಿನ ಒಣ ಕೋಲಿನ ಮೇಲೆ ಹಳದಿ, ಕಪ್ಪು ಪಟ್ಟೆಯ ದೊಡ್ಡದೊಂದು ಕೂರುತ್ತದೆ, ಗದ್ದೆಯ ಬೇಲಿಯ ಮೇಲೂ ಅಂಥದೇ ಪಟ್ಟೆಯ ಇನ್ನೊಂದು ಇದೆ. ಎರಡೂ ಒಂದೇ ಇರಬಹುದೇ? ಹಾಗೆಯೇ ಮಳೆ ನಿಂತ ಸಂಜೆ ಬಯಲಿನ ಮೇಲೆ ಗುಂಪಾಗಿ ಸುತ್ತುವ ಹಳದಿ ಬಣ್ಣದವು ಎಲ್ಲಿಯೂ ಕೂರುವುದೇ ಇಲ್ಲವಲ್ಲ, ಅವುಗಳ ಗುರುತು ಹೇಗೆ?

ಉತ್ತರ – ರಾಯಚೂರಿನಿಂದ

ಪಟ್ಟೆಯವು ಎರಡು ಬೇರೆ ಕುಟುಂಬಗಳಿಗೆ ಸೇರಿದವು. ಇಲ್ಲಿ ಮುಖದ ಎದುರಿನ ಚಿತ್ರವೇ ತೀರ್ಪು ಕೊಡುತ್ತದೆ. ಕೆರೆಯಂಚಿನದರ ಕಣ್ಣುಗಳು ತಲೆಯ ಮೇಲೆ ಒಂದಕ್ಕೊಂದು ತಾಗದೆ ನಡುವೆ ಜಾಗ ಬಿಟ್ಟಿದ್ದರೆ ಅದು ಗಾಂಫಿಡೆ ಕುಟುಂಬದ ಇಕ್ಟಿನೊಗಾಂಫಸ್ ರ್ಯಾಪಾಕ್ಸ್. ಉದರದ ಎಂಟನೆಯ ಖಂಡದ ಎರಡು ಬದಿಗೆ ಎಲೆಯಂಥ ಅಗಲ ಅಂಚು ಚಾಚಿರುತ್ತದೆ, ನೀರಿನತ್ತ ಮುಖ ಮಾಡಿ ಅದೇ ಕೋಲಿಗೆ ಮತ್ತೆ ಮತ್ತೆ ಬರುತ್ತದೆ. ಬೇಲಿಯ ಮೇಲಿನದರ ಕಣ್ಣುಗಳು ತಾಗಿದ್ದು, ಉದರ ಬುಡದಲ್ಲಿ ಉಬ್ಬಿ, ನಡುವೆ ಕಡ್ಡಿಯಷ್ಟು ಸಣ್ಣಗಾಗಿದ್ದರೆ ಅದು ಆರ್ಥೆಟ್ರಮ್ ಸಬಿನ. ಅದರ ಹಳದಿಯಲ್ಲಿ ಹಸಿರು ಬೆರೆತಿರುತ್ತದೆ. ಬಹಳ ಹೊತ್ತು ಅಲುಗಾಡದೆ ಕೂತಿದ್ದು, ತನ್ನಷ್ಟೇ ದೊಡ್ಡ ಬೇರೆ ಡ್ರ್ಯಾಗನ್‌ಫ್ಲೈಗಳನ್ನೂ ಹಿಡಿದು ತಿನ್ನುವ ಸ್ವಭಾವ ಅದರದ್ದು. ಬಾಯಲ್ಲಿ ಕೆಂಪು ರೆಕ್ಕೆ ಕಂಡರೆ ಆಶ್ಚರ್ಯಪಡಬೇಕಿಲ್ಲ.

ಗುಂಪಾಗಿ ಹಾರುವವು ಪ್ಯಾಂಟಾಲ ಫ್ಲೇವೆಸೆನ್ಸ್. ಎಲ್ಲಿಯೂ ಕೂರದೆ ಗಂಟೆಗಟ್ಟಲೆ ಹಾರುವುದೇ ಅದರ ಮೊದಲ ಗುರುತು, ಕೂತಾಗಲೂ ಕೊಂಬೆಯಿಂದ ನೇತಾಡುತ್ತದೆಯೇ ಹೊರತು ಅಡ್ಡಲಾಗಿ ಕೂರುವುದಿಲ್ಲ. ಹಿಂದಿನ ರೆಕ್ಕೆಯ ಬುಡ ಬಹಳ ಅಗಲ, ಅದರಿಂದಲೇ ಗಾಳಿಯಲ್ಲಿ ತೇಲುವುದು ಅದಕ್ಕೆ ಸುಲಭ. ಇದೇ ರೀತಿ ಹಾರುವ ಟ್ರಾಮಿಯ ಜಾತಿಗಳೂ ಗುಂಪಿನೊಳಗೆ ಸೇರಿಕೊಂಡಿರುತ್ತವೆ, ಆದರೆ ಅವುಗಳ ಹಿಂದಿನ ರೆಕ್ಕೆಯ ಬುಡದಲ್ಲಿ ಕಡು ಬಣ್ಣದ ಕಲೆ ಇರುತ್ತದೆ. ಆಕಾಶದ ಬೆಳಕಿಗೆ ಎದುರಾಗಿ ನೋಡಿದಾಗ ಅದು ಚೆನ್ನಾಗಿ ಕಾಣುತ್ತದೆ. ಪ್ಯಾಂಟಾಲ ಮಳೆ ನಿಂತ ಹೊಂಡಗಳಲ್ಲಿ ಮೊಟ್ಟೆಯಿಟ್ಟು, ಹೊಂಡ ಒಣಗುವುದರೊಳಗೆ ಮರಿಗಳು ಬೆಳೆದು ಹಾರಿಹೋಗುವಷ್ಟು ಬೇಗ ಬೆಳೆಯುತ್ತದೆ. ಮುಂಗಾರು ಮುಗಿದ ಮೇಲೆ, ಅಕ್ಟೋಬರ್‌ನಿಂದ ಆಚೆಗೆ, ಇವು ಭಾರತದ ಕಡೆಯಿಂದ ಮಾಲ್ಡೀವ್ಸ್ ದ್ವೀಪಗಳ ಮೂಲಕ ಸಮುದ್ರ ದಾಟಿ ಪೂರ್ವ ಆಫ್ರಿಕದ ಕಡೆಗೆ ಹೋಗುತ್ತವೆ ಎಂದು ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ಪ್ರಕಟಿಸಿದರು. ಸಿಹಿನೀರಿನ ಆಸರೆ ಇಲ್ಲದಷ್ಟು ಕಡಿಮೆ ಇರುವ ಆ ದ್ವೀಪಗಳಲ್ಲಿ ವರ್ಷವೂ ಇಷ್ಟೊಂದು ಡ್ರ್ಯಾಗನ್‌ಫ್ಲೈಗಳು ಎಲ್ಲಿಂದ ಬರುತ್ತವೆ ಎಂಬ ಪ್ರಶ್ನೆಯಿಂದ ಅವರ ಹುಡುಕಾಟ ಆರಂಭವಾಗಿತ್ತು. ಹಾಗಾಗಿ ಗುಂಪು ಕಂಡ ದಿನಾಂಕ, ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿತ್ತು, ಅವು ಒಂದೇ ಕಡೆಗೆ ಸಾಗುತ್ತಿದ್ದವೋ ಅಲ್ಲೇ ಸುತ್ತುತ್ತಿದ್ದವೋ ಎಂಬುದನ್ನು ಬರೆದಿಡಿ.

ಚಿತ್ರಗಳನ್ನು ಐನ್ಯಾಚುರಲಿಸ್ಟ್‌ನಲ್ಲಿ, ಅಂದರೆ ಕಂಡ ಜೀವಿಗಳನ್ನು ಯಾರು ಬೇಕಾದರೂ ದಾಖಲಿಸಬಹುದಾದ ಜಾಲತಾಣದಲ್ಲಿ, ಹಾಕುವಾಗ ಒಂದೇ ಕೀಟದ ಬೇರೆ ಬೇರೆ ಕೋನದ ಚಿತ್ರಗಳನ್ನು ಒಂದೇ ದಾಖಲೆಯಲ್ಲಿ ಸೇರಿಸಿ, ಸ್ಥಳವನ್ನು ಸರಿಯಾಗಿ ಗುರುತು ಮಾಡಿ, ಯಾವುದರ ಮೇಲೆ ಕೂತಿತ್ತು ಎಂಬ ಒಂದು ಸಾಲು ಬರೆಯಿರಿ. ಕೊಪ್ಪಳ, ರಾಯಚೂರಿನ ದಾಖಲೆಗಳು ಹೆಚ್ಚಬೇಕಾಗಿವೆ. ಸಾಣಾಪುರದ ಕೋಲಿನ ಮೇಲಿನದರ ಪಕ್ಕದ ನೋಟ ಸಿಕ್ಕಿದರೆ ಇಲ್ಲಿಯೂ ಹಾಕಿ, ಎಂಟನೆಯ ಖಂಡದ ಅಂಚು ನೋಡಿ ಖಚಿತವಾಗಿ ಹೇಳುತ್ತೇನೆ.