2 ಮೀಟರ್ ಡಿಎನ್‌ಎ ಒಂದು ಜೀವಕೋಶದಲ್ಲಿ ಸಿಕ್ಕಾಗದೆ ಹೇಗಿರುತ್ತದೆ?

ಪ್ರಶ್ನೆ
ನಮ್ಮ ಒಂದೊಂದು ಜೀವಕೋಶದಲ್ಲೂ ಸುಮಾರು 2 ಮೀಟರ್ ಡಿಎನ್‌ಎ ಇದೆ ಎಂದು ಮಗಳು ಪಾಠದಲ್ಲಿ ಓದಿದಳು. ಇಬ್ಬರೂ ಸೇರಿ 2 ಮೀಟರ್ ಹೊಲಿಗೆ ದಾರವನ್ನು ಬೆಂಕಿಪೊಟ್ಟಣಕ್ಕೆ ತುರುಕಿದೆವು. ಹಿಡಿಸಿತು. ವಾಪಸ್ ಎಳೆದರೆ ಬರೀ ಸಿಕ್ಕು! ಕೋಶದೊಳಗೆ ಹೀಗಾಗಲ್ವಾ? ಅಷ್ಟು ಚಿಕ್ಕ ಜಾಗದಲ್ಲಿ ಹಿಡಿಸುವುದಾದರೂ ಹೇಗೆ?

ಉತ್ತರ 1
ಹಿಸ್ಟೋನ್ ಎಂಬ ಪ್ರೋಟೀನ್‌ಗಳಿಗೆ ಸುತ್ತಿಕೊಂಡಿರುತ್ತದೆ. ಡಿಎನ್‌ಎಗೆ ಋಣಾವೇಶ, ಹಿಸ್ಟೋನ್‌ಗೆ ಧನಾವೇಶ, ಹಾಗಾಗಿ ಒಂದನ್ನೊಂದು ಸೆಳೆಯುತ್ತವೆ. ಅಂದಹಾಗೆ, ಬಲಿತ ಕೆಂಪು ರಕ್ತಕಣಗಳಲ್ಲಿ ಈ ದಾರವೇ ಇರುವುದಿಲ್ಲ.

ಉತ್ತರ 2
ಮೇಡಂ, ಲ್ಯಾಬಿನಲ್ಲಿ ನನ್ನ ಕೆಲಸವೇ ಇದು. ಜಾಗದ ಚಿಂತೆ ಮೊದಲು ಬಿಡಿ. ಕೋಶದಲ್ಲಿ ಡಿಎನ್‌ಎ ಇರುವ ಭಾಗ ನ್ಯೂಕ್ಲಿಯಸ್. 10 ಮೈಕ್ರೋಮೀಟರ್ ಅಗಲದ ಅದನ್ನು 10 ಸೆಂಟಿಮೀಟರಿನ ಚೆಂಡು ಎಂದುಕೊಳ್ಳಿ. ಆಗ ದಾರದ ಉದ್ದ 20 ಕಿಲೋಮೀಟರ್, ದಪ್ಪ 0.02 ಮಿಲಿಮೀಟರ್. ಅರ್ಧ ಲೀಟರ್ ಹಿಡಿಯುವ ಆ ಚೆಂಡಿನಲ್ಲಿ ದಾರ ತುಂಬುವುದು ಒಂದು ಚಮಚಕ್ಕಿಂತ ತುಸು ಜಾಸ್ತಿ, ಅಷ್ಟೇ. ನಿಜವಾದ ಕಷ್ಟ ನಿಮ್ಮ ಮಗಳ ಕೈಗೆ ಬಂದದ್ದೇ: ಸಿಕ್ಕು.

ಎಂಟು ಹಿಸ್ಟೋನ್ ಸೇರಿ ಒಂದು ಉಂಡೆ. ಅದಕ್ಕೆ 147 ಬೇಸ್ ಜೋಡಿಗಳಷ್ಟು (ಡಿಎನ್‌ಎ ಉದ್ದವನ್ನು ಎಣಿಸುವುದು ಈ ಜೋಡಿಗಳಲ್ಲಿ) ಡಿಎನ್‌ಎ ಒಂದೂವರೆ ಸುತ್ತಿಗಿಂತ ಸ್ವಲ್ಪ ಜಾಸ್ತಿ ಸುತ್ತಿರುತ್ತದೆ. ಆಮೇಲೆ ತುಸು ಬಿಡಿ ದಾರ, ಮತ್ತೆ ಉಂಡೆ. ಒಂದು ಕೋಶದಲ್ಲಿ ಇಂಥವು ಸುಮಾರು 3 ಕೋಟಿ. ಇದನ್ನು ಕಣ್ಣಾರೆ ನೋಡಬಹುದು. ಡಿಎನ್‌ಎ ಕತ್ತರಿಸುವ ಕಿಣ್ವವನ್ನು ಹದವಾಗಿ ಹಾಕಿದರೆ ಅದು ಬಿಡಿ ದಾರವನ್ನೇ ಕಡಿಯುತ್ತದೆ, ಸುತ್ತಿದ ಭಾಗ ಅದಕ್ಕೆ ಸುಲಭವಾಗಿ ಸಿಗುವುದಿಲ್ಲ. ಆ ತುಂಡುಗಳನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್‌ನಲ್ಲಿ ಓಡಿಸಿದರೆ ಸುಮಾರು 200, 400, 600 ಬೇಸ್ ಜೋಡಿಗಳ ಪಟ್ಟಿಗಳು ಏಣಿಯ ಮೆಟ್ಟಿಲಿನಂತೆ ಮೂಡುತ್ತವೆ. ಮೊದಲ ಸಲ ಆ ಏಣಿ ಕಂಡ ದಿನ ನನಗೆ ಮನೆಗೆ ಹೋಗಲು ಮನಸ್ಸೇ ಬರಲಿಲ್ಲ. 1974ರಲ್ಲಿ ವಿಜ್ಞಾನಿ ರೋಜರ್ ಕಾರ್ನ್‌ಬರ್ಗ್ ಈ ಉಂಡೆಗಳ ರಚನೆಯನ್ನು ಊಹಿಸಿದಾಗ ಇಂಥ ತುಂಡುಗಳೂ ಒಂದು ಸುಳಿವಾಗಿದ್ದವು.

ಇದರ ಮೇಲೆ ಕೊಹೆಸಿನ್ ಎಂಬ ಉಂಗುರದಂಥ ಪ್ರೋಟೀನ್ ದಾರವನ್ನು ಕುಣಿಕೆ ಕುಣಿಕೆಯಾಗಿ ಎಳೆದು ಹಿಡಿಯುತ್ತದೆ. ಆದರೂ ಸಿಕ್ಕಾದರೆ ಟೋಪೋಐಸೋಮರೇಸ್ ಎಂಬ ಕಿಣ್ವ ಬರುತ್ತದೆ. ದಾರವನ್ನು ಒಂದು ಕಡೆ ಕತ್ತರಿಸಿ, ಅಡ್ಡ ಬಂದ ಇನ್ನೊಂದು ದಾರವನ್ನು ಆ ಸಂದಿಯಲ್ಲಿ ದಾಟಿಸಿ, ಮತ್ತೆ ಅಂಟಿಸುತ್ತದೆ.

ಪ್ರಶ್ನೆ ಕೇಳಿದವರು
ತುಂಬಾ ಥ್ಯಾಂಕ್ಸ್ ಸರ್. ಮಗಳು ಪಕ್ಕದಲ್ಲೇ ಕೂತು ಕೇಳುತ್ತಿದ್ದಾಳೆ: ಕತ್ತರಿಸಿದ ತುದಿ ಕಳೆದುಹೋಗಲ್ವಾ?

ಉತ್ತರ 2
ಒಳ್ಳೆ ಪ್ರಶ್ನೆ ಪುಟ್ಟಿ! ಅಂಟಿಸುವವರೆಗೂ ಎರಡೂ ತುದಿಗಳನ್ನು ಆ ಕಿಣ್ವವೇ ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಎಟೊಪೊಸೈಡ್ ಎಂಬ ಕ್ಯಾನ್ಸರ್ ಔಷಧಿ ಅಡ್ಡ ಬರುವುದು ಸರಿಯಾಗಿ ಆ ಗಳಿಗೆಯಲ್ಲೇ. ಅದು ತುದಿಗಳನ್ನು ಅಂಟಿಸಲು ಬಿಡುವುದಿಲ್ಲ, ತುಂಡಾದ ಡಿಎನ್‌ಎ ಹೊತ್ತ ಕ್ಯಾನ್ಸರ್ ಕೋಶ ಸಾಯುತ್ತದೆ.